ಹದಿನಾರು ಮುಖದ ಮನೆ: ಎಕ್ಸ್‌ಮತ್‌ನ ಅ ಲಾ ರೋಂಡ್ ನೋಡ್ಕೊಂಡು ಬಂದ್ವಿ

ಹಳೇ ಮನೆ ಅಂದ್ರೆ ನಂಗೆ ಮೊದಲಿಂದ ಪ್ರಾಣ. ತೀರ್ಥಹಳ್ಳಿ ಕಡೆ ತೊಟ್ಟಿಮನೇಲಿ ಹುಟ್ಟಿ ಬೆಳೆದವಳು, ಹಾಗಾಗಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಬಂದ್ಮೇಲೂ ರಜಾ ಸಿಕ್ಕಿದ್ರೆ ಸಾಕು ಯಾವ್ದಾದ್ರೂ ಹಳೇ ಮನೆ ಹುಡುಕ್ಕೊಂಡು ಹೋಗ್ತಿರ್ತೀವಿ. ಇಲ್ಲಿ ಅಂಥ ಮನೆಗಳಿಗೆ ಬರ ಇಲ್ಲ, ಆದ್ರೆ ಹೆಚ್ಚಿನವು ದೊಡ್ಡ ಜಮೀನ್ದಾರರ ಬಂಗ್ಲೆ, ಎತ್ತರದ ಮೆಟ್ಟಿಲು, ಗೋಡೆ ತುಂಬ ಮುತ್ತಾತಂದಿರ ಚಿತ್ರ, ನೋಡ್ತಾ ನೋಡ್ತಾ ಕಾಲು ನೋಯುತ್ತೆ ಅಷ್ಟೆ, ಯಾರ ಮನೆಗೋ ಹೋಗಿ ಬಂದ್ವಿ ಅನ್ನಿಸಲ್ಲ. ಹೋದ ತಿಂಗಳು ಡೆವನ್‌ನ ಎಕ್ಸ್‌ಮತ್ ಹತ್ತಿರ ಇರೋ ಅ ಲಾ ರೋಂಡ್‌ಗೆ ಹೋಗಿದ್ವಿ. ಇದು ಮಾತ್ರ ಮನಸ್ಸಲ್ಲಿ ಕೂತ್ಬಿಟ್ಟಿದೆ, ಅದಕ್ಕೆ ಉದ್ದಕ್ಕೇ ಬರೀತಿದೀನಿ, ಆ ಕಡೆ ಹೋಗೋರಿಗೆ ಉಪಯೋಗ ಆಗ್ಲಿ.

ಜೊತೆಗೆ ಅತ್ತೆ ಇದ್ರು, ಕಾರ್ಕಳದಿಂದ ಮೂರು ತಿಂಗಳಿಗೆ ಅಂತ ಬಂದಿದಾರೆ. ಬ್ರಿಸ್ಟಲ್‌ನಿಂದ ಎಕ್ಸೆಟರ್‌ವರೆಗೆ ದೊಡ್ಡ ಟ್ರೈನು, ಅಲ್ಲಿಂದ ಎಕ್ಸ್‌ಮತ್‌ಗೆ ಪುಟ್ಟ ಟ್ರೈನು, ಆ ಎರಡನೇ ಟ್ರೈನಲ್ಲಿ ಬಲಗಡೆ ಸೀಟೇ ಹಿಡ್ಕೊಳ್ಳಿ, ಎಕ್ಸ್ ನದಿ ಸಮುದ್ರ ಸೇರೋ ಅಳಿವೆ ಪಕ್ಕದಲ್ಲೇ ಹಳಿ ಹೋಗುತ್ತೆ, ನೀರು ಇಳಿದಿದ್ರೆ ಕೆಸರಲ್ಲಿ ಹಕ್ಕಿಗಳು ಓಡಾಡ್ತಿರೋದು ಕಾಣ್ಸುತ್ತೆ. ನಾವು ಮನೆ ಬಿಡೋದೇ ಲೇಟಾಗಿ ಬೆಳಗಿನ ಟ್ರೈನ್ ತಪ್ಪಿ, ಅಲ್ಲಿಗೆ ಸೇರೋ ಹೊತ್ತಿಗೆ ಮಧ್ಯಾಹ್ನ ಒಂದೂವರೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಈ ಮನೆಗೆ ಎಷ್ಟು ಹೊತ್ತಿಗೆ ಹೋಗ್ತೀರಿ ಅನ್ನೋದು ಬಹಳ ಮುಖ್ಯ, ಮುಂದೆ ಹೇಳ್ತೀನಿ.

ಹೊರಗಿಂದ ನೋಡಿದ್ರೆ ದೊಡ್ಡ ಮನೆ ಏನಲ್ಲ. ಕಲ್ಲಿನ ಗೋಡೆ, ಮೇಲೆ ಬುಟ್ಟಿ ಕವುಚಿಟ್ಟ ಹಾಗೆ ಇಳಿಜಾರು ಹೆಂಚಿನ ಮಾಡು. ಗುಂಡಗಿದೆ ಅನ್ಸುತ್ತೆ, ಆದ್ರೆ ಗುಂಡಗಿಲ್ಲ, ಹದಿನಾರು ಮುಖ. ಅತ್ತೆ ನಂಬ್ಲಿಲ್ಲ, ಎಣಿಸ್ತೀನಿ ಅಂತ ಮನೆ ಸುತ್ತ ಹೊರಟ್ರು, ಎಲ್ಲಿ ಶುರು ಮಾಡಿದ್ದು ಅಂತ ಮರೆತು ಹೋಯ್ತು, ಆಮೇಲೆ ಒಂದು ಮೂಲೇಲಿ ಕೊಡೆ ಒರಗಿಸಿಟ್ಟು ಮತ್ತೆ ಎಣಿಸ್ಕೊಂಡು ಬಂದ್ರು. "ಇದೆಂತ ಮಾರಾಯ್ತಿ, ಹೌದು, ಹದಿನಾರೇ ಉಂಟು. ಇದಕ್ಕೆ ಆಗ್ನೇಯ ಮೂಲೆ ಯಾವುದು, ಅಡುಗೆಮನೆ ಎಲ್ಲಿ ಇಟ್ರು?" ಒಳ್ಳೇ ಪ್ರಶ್ನೆ. ಅಡುಗೆಮನೆ ಕೆಳಗಡೆ ನೆಲಮಾಳಿಗೆ ಮಟ್ಟದಲ್ಲಿ ಇತ್ತಂತೆ. ಮೂಲೆ ಲೆಕ್ಕ ಇಲ್ಲ ಈ ಮನೆಗೆ, ಇದರ ಲೆಕ್ಕ ಎಲ್ಲ ಸೂರ್ಯನ ಮೇಲೆ.

ಕಿಟಕಿ ನೋಡಿ ಬೇಕಾದ್ರೆ. ಮಾಮೂಲಿ ಕಿಟಕಿ ಗೋಡೆ ಮಧ್ಯ ಇರುತ್ತೆ ಅಲ್ವಾ, ಇಲ್ಲಿ ಎರಡು ಗೋಡೆ ಕೂಡೋ ಅಂಚಿನ ಮೇಲೇ ಗಾಳಿಪಟದ ಆಕಾರದ ಕಿಟಕಿ ಇಟ್ಟಿದಾರೆ, ಅರ್ಧ ಒಂದು ಗೋಡೆಗೆ ಅರ್ಧ ಇನ್ನೊಂದಕ್ಕೆ ಮಡಚಿದ ಹಾಗೆ. ಆ ಅಂಚಿನ ಕಲ್ಲು ಕೆಲಸ ಮಾಡಿದ ಗಾರೆಯವನ ಕೈಗೆ ನಮಸ್ಕಾರ ಹಾಕ್ಬೇಕು, ನಾನು ಹತ್ತು ನಿಮಿಷ ಅದೊಂದನ್ನೇ ನೋಡ್ತಾ ನಿಂತಿದ್ದೆ.

ಒಳಗೆ ಹೋದ್ರೆ ನಡುವಲ್ಲಿ ಎಂಟು ಮೂಲೆಯ ಹಜಾರ, ಅದಕ್ಕೆ ಅಷ್ಟಕೋನ ಅನ್ನೋ ಅರ್ಥದಲ್ಲಿ ಆಕ್ಟಗನ್ ಅಂತಾನೇ ಹೆಸರು. ಸುತ್ತ ಬಾಗಿಲುಗಳು, ಒಂದೊಂದು ಬಾಗಿಲಿಂದ ಒಂದೊಂದು ರೂಮು, ಕೇಕ್ ಕತ್ತರಿಸಿದ ಹಾಗೆ ಸುತ್ತ ಹರಡಿವೆ. ರೂಮಿಗೂ ರೂಮಿಗೂ ಮಧ್ಯ ಉಳಿಯೋ ತ್ರಿಕೋನದ ಜಾಗ ವೇಸ್ಟ್ ಮಾಡದೆ ಸಣ್ಣ ಸಣ್ಣ ಕೋಣೆ ಮಾಡ್ಕೊಂಡಿದಾರೆ, ಆ ಗಾಳಿಪಟದ ಕಿಟಕಿ ಬೆಳಕು ಬೀಳೋದು ಅಲ್ಲಿಗೇ. ತಲೆ ಎತ್ತಿದ್ರೆ 35 ಅಡಿ ಎತ್ತರ, ಮೇಲಿಂದ ಸುತ್ತಲೂ ಕಿಟಕಿಗಳ ಬೆಳಕು ಇಳಿದು ಬರುತ್ತೆ. ನಂಗೆ ಆ ಕ್ಷಣ ಊರಿನ ಮನೆ ನೆನಪಾಗಿ ಗಂಟಲು ಕಟ್ತು. ನಮ್ಮ ತೊಟ್ಟೀಲೂ ಬೆಳಕು ಬರೋದು ಹೀಗೇ ನಡುವಿಂದ, ಮೇಲಿಂದ, ಸುತ್ತ ಜಗುಲಿ, ಸುತ್ತ ಕೋಣೆ. ಮಳೆಗಾಲದಲ್ಲಿ ನಾಲ್ಕೂ ಕಡೆ ಮಾಡಿನ ನೀರು ತೊಟ್ಟಿಗೆ ಸುರಿಯೋ ಶಬ್ದ ಒಂದೇ ಇಲ್ಲಿಲ್ಲ, ಇಲ್ಲಿ ಆಕಾಶಕ್ಕೆ ಗಾಜು ಹಾಕಿದಾರೆ, ಈ ಚಳಿಗೆ ಹಾಕ್ಲೇಬೇಕು.

ಜಾಗ ಉಳಿಸೋದ್ರಲ್ಲಂತೂ ಎಂಥ ತಲೆ ಓಡಿಸಿದಾರೆ ಅಂದ್ರೆ, ಹಜಾರದ ಬಾಗಿಲ ಸಂದಿಯಲ್ಲಿ ಮಡಚೋ ಸೀಟು ಇದೆ, ಜನ ಜಾಸ್ತಿ ಬಂದ್ರೆ ಬಿಡಿಸ್ಕೊಂಡು ಕೂತ್ಕೋಬಹುದು. ರೂಮುಗಳ ನಡುವೆ ಸರಿಸೋ ಬಾಗಿಲು ಇದ್ವಂತೆ, ಒಂದರಿಂದ ಇನ್ನೊಂದಕ್ಕೆ ಹಜಾರಕ್ಕೆ ಬರ್ದೇ ಹೋಗಬಹುದಿತ್ತು. ಕುರ್ಚಿ ಸೀಟೂ ಎಂಟು ಮೂಲೆ. ಬೆಳಿಗ್ಗೆ ಪೂರ್ವದ ಕೋಣೇಲಿ ಎದ್ದು, ಬಿಸಿಲು ತಿರುಗಿದ ಹಾಗೆಲ್ಲ ಮುಂದಿನ ಮುಂದಿನ ಕೋಣೆಗೆ ಹೋಗ್ತಾ, ಸಂಜೆ ಚಹಾ ಹೊತ್ತಿಗೆ ಪಶ್ಚಿಮಕ್ಕೆ ಬರ್ತಿದ್ರು, ಹಾಗೆ ದಿನವಿಡೀ ಬಿಸಿಲಿನ ಹಿಂದೆ ಮನೇನ ಒಂದು ಸುತ್ತು ಹಾಕ್ತಿದ್ರು ಅಂತ ಹೇಳ್ತಾರೆ. ಇಂಗ್ಲೆಂಡಲ್ಲಿ ಒಂದು ಚಳಿಗಾಲ ಕಳೆದವರಿಗೆ ಇದು ಎಷ್ಟು ದೊಡ್ಡ ಸುಖ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ, ಡಿಸೆಂಬರಲ್ಲಿ ನಾಲ್ಕು ಗಂಟೆಗೆ ಕತ್ತಲು, ಇರೋ ಅಷ್ಟು ಬಿಸಿಲನ್ನ ಒಂದು ಚೂರೂ ಬಿಡದೆ ಹಿಡಿಯೋ ಮನೆ.

ಇದನ್ನ ಕಟ್ಸಿದ್ದು ಯಾವ ಲಾರ್ಡೂ ಅಲ್ಲ, ಇಬ್ರು ಹೆಣ್ಮಕ್ಕಳು. ಜೇನ್ ಪಾರ್ಮಿಂಟರ್ ಮತ್ತೆ ಮೇರಿ ಪಾರ್ಮಿಂಟರ್, ದಾಯಾದಿ ಅಕ್ಕತಂಗೀರು, ಇಬ್ರೂ ಮದುವೆ ಆಗಿರ್ಲಿಲ್ಲ. ಜೇನ್ 1750ರಲ್ಲಿ ಹುಟ್ಟಿದ್ದು, ಅಪ್ಪ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ವೈನ್ ವ್ಯಾಪಾರಿ. ಮೇರಿ ಹದಿನೇಳು ವರ್ಷ ಚಿಕ್ಕೋಳು, ಅಪ್ಪ ಅಮ್ಮ ಇಲ್ಲದ ಹುಡುಗಿ, ಜೇನೇ ಅವಳಿಗೆ ದಿಕ್ಕು. 1784ರಲ್ಲಿ ಇವ್ರಿಬ್ರೂ, ಜೇನ್ ತಂಗಿ ಎಲಿಜಬೆತ್, ಇನ್ನೊಬ್ರು ಗೆಳತಿ, ನಾಲ್ಕು ಜನ ಹೆಂಗಸ್ರು ಯೂರೋಪ್ ಪ್ರವಾಸ ಹೊರಟ್ರು. ಆಗಿನ ಕಾಲದಲ್ಲಿ ಆ ಥರ ಪ್ರವಾಸ ಶ್ರೀಮಂತರ ಗಂಡುಮಕ್ಕಳು ಓದು ಮುಗಿಸಿ ಹೋಗ್ತಿದ್ದದ್ದು. ಇವ್ರು ಫ್ರಾನ್ಸ್, ಸ್ವಿಜರ್ಲೆಂಡ್, ಇಟಲಿ ಎಲ್ಲ ಸುತ್ತಿದ್ರು, 1786ರಲ್ಲಿ ಆಲ್ಪ್ಸ್‌ನ ಮಾಂಟ್ ಬ್ಯೂಎ ಅನ್ನೋ ಬೆಟ್ಟ ಹತ್ತಿದ್ರು, 3,096 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅದನ್ನ ಒಳ್ಳೇ ಶೂ ಹಾಕ್ಕೊಂಡು ಹತ್ತೋಕೇ ನಂಗೆ ಏದುಸಿರು ಬಂದಿತ್ತು, ಇವ್ರು ಅವತ್ತಿನ ಉದ್ದ ಲಂಗದಲ್ಲಿ ಹಿಮದ ಬೆಟ್ಟ ಹತ್ತಿದಾರೆ.

ಊರಿಗೆ ವಾಪಸ್ ಬಂದು 1796ರ ಸುಮಾರಿಗೆ ಈ ಮನೆ ಎಬ್ಬಿಸಿದ್ರು. ಟಿಪ್ಪು ಇನ್ನೂ ಶ್ರೀರಂಗಪಟ್ಟಣದಲ್ಲಿ ಆಳ್ತಿದ್ದ ಕಾಲ ಅಂತ ಅತ್ತೆಗೆ ಹೇಳ್ದಾಗ ಅವ್ರಿಗೆ ಕಾಲದ ಅಂದಾಜು ಸಿಕ್ತು. ಇಟಲಿಯ ರವೆನ್ನಾದಲ್ಲಿ ಸಾನ್ ವಿಟಾಲೆ ಅಂತ ಆರನೇ ಶತಮಾನದ ಅಷ್ಟಕೋನದ ಚರ್ಚ್ ಇದೆ, ಅದನ್ನ ನೋಡಿ ಬಂದು ಜೇನೇ ನಕ್ಷೆ ಹಾಕಿದ್ದು ಅಂತ ಮನೆತನದಲ್ಲಿ ಹೇಳ್ಕೊಂಡು ಬಂದ ಮಾತು. ಆರ್ಕಿಟೆಕ್ಟ್ ಬೇರೆಯವ್ರು ಅನ್ನೋ ವಾದಾನೂ ಇದೆ. ಕಾಗದದ ಮೇಲೆ ಗೆರೆ ಎಳೆದದ್ದು ಯಾರೇ ಆಗ್ಲಿ, ಆ ಮಡಚೋ ಸೀಟು, ತ್ರಿಕೋನದ ಕಪಾಟಿನಂಥ ಕೋಣೆ ಎಲ್ಲ ನೋಡಿದ್ರೆ ಆ ಮನೇಲಿ ಬಾಳ್ವೆ ಮಾಡ್ಬೇಕಾದವರೇ ಕೂತು ಯೋಚನೆ ಮಾಡಿದಾರೆ ಅಂತ ನಂಗೆ ಖಾತ್ರಿ ಆಯ್ತು. ಒಂದು ಕಡೆ 1783ರಲ್ಲಿ ಮಾಡಿಸಿದ ಪಾರ್ಮಿಂಟರ್ ಮನೆಯವರ ಕಪ್ಪು ನೆರಳುಚಿತ್ರ ಇದೆ, ಪ್ರವಾಸ ಹೊರಡೋಕೆ ಒಂದು ವರ್ಷ ಮುಂಚಿನದು, ಅದನ್ನ ತಪ್ಪದೆ ನೋಡಿ.

ಈಗ ಡ್ರಾಯಿಂಗ್ ರೂಮಿನ ವಿಷ್ಯ. ಬೇರೆ ಏನು ನೋಡದಿದ್ರೂ ಇದನ್ನ ನೋಡ್ಬೇಕು. ಗೋಡೆ ಮೇಲ್ತುದೀಲಿ, ಮುಚ್ಚಿಗೆ ಕೆಳಗೆ ಸುತ್ತಲೂ ಒಂದು ಪಟ್ಟಿ ಓಡುತ್ತೆ. ದೂರದಿಂದ ನೋಡಿದಾಗ ಯಾವ್ದೋ ಕಸೂತಿ ಅನ್ಕೊಂಡೆ. ಹತ್ತಿರ ಹೋಗಿ ಕತ್ತೆತ್ತಿ ನೋಡಿದ್ರೆ ಪೂರ್ತಿ ಹಕ್ಕಿ ಪುಕ್ಕ! ಕೋಳಿ ಪುಕ್ಕ, ಕಾಡುಹಕ್ಕಿ ಪುಕ್ಕ, ಒಂದೊಂದನ್ನೇ ಬಣ್ಣ ನೋಡಿ, ಅಳತೆ ನೋಡಿ ಆರಿಸಿ, ಮೀನಿನ ಗಾಳಿಚೀಲದಿಂದ ಮಾಡಿದ ಅಂಟಲ್ಲಿ ಅಂಟಿಸಿ, ಸುತ್ತು ಸುತ್ತಾಗಿ ಹೂವಿನ ಥರ ಜೋಡಿಸಿದಾರೆ. ಕಂದು, ಬೂದು, ಬಿಳಿ, ನಡುನಡುವೆ ಹೊಳೆಯೋ ಬಣ್ಣ. ಒಂದು ಪುಕ್ಕದ ತುದಿ ಮೇಲೆ ಇನ್ನೊಂದರ ಬುಡ ಕಾಣದ ಹಾಗೆ ಮುಚ್ಚಿದೆ, ನಮ್ಮ ಕಡೆ ಹೆಂಚು ಹೊದಿಸ್ತಾರಲ್ಲ ಹಾಗೆ. ಇನ್ನೂರು ಚಿಲ್ಲರೆ ವರ್ಷ ಆಯ್ತು. ಅಲ್ಲಿ ಬೆಳಕು ಮಂದ ಇಟ್ಟಿರ್ತಾರೆ, ಕಣ್ಣು ಹೊಂದೋಕೆ ಎರಡು ನಿಮಿಷ ಬೇಕು, ದಯವಿಟ್ಟು ಆ ಎರಡು ನಿಮಿಷ ಕೊಡಿ, ತುಂಬ ಜನ ಫೋನೆತ್ತಿ ಫೋಟೋ ತೆಗೆದು ಮುಂದಕ್ಕೆ ಹೋಗ್ತಿದ್ರು, ನೋಡಿ ಬೇಜಾರಾಯ್ತು. ಅತ್ತೆ ಮಾತ್ರ ಅಲ್ಲೇ ನಿಂತ್ಬಿಟ್ರು. "ಕೋಳಿ ಸಾಕಿದ ಮನೆಯಲ್ಲಿ ಪುಕ್ಕ ಎಲ್ಲ ಗೊಬ್ಬರದ ಗುಂಡಿಗೆ ಹೋಗ್ತದೆ. ಇವರಿಗೆ ಅದ್ರಲ್ಲಿ ಹೂ ಕಂಡಿದೆ ನೋಡು" ಅಂದ್ರು.

ಮೇಲೆ, ಆ ಎತ್ತರದ ಹಜಾರದ ತಲೆ ಭಾಗದಲ್ಲಿ ಚಿಪ್ಪಿನ ಗ್ಯಾಲರಿ. ಸುಮಾರು 25,000 ಚಿಪ್ಪು, ಜೊತೆಗೆ ಪುಕ್ಕ, ಗಾಜಿನ ಚೂರು, ಪಿಂಗಾಣಿ ಚೂರು, ಕಲ್ಲುಹೂವು, ಇವನ್ನೆಲ್ಲ ಗಾರೆಗೆ ಒತ್ತಿ ಹಕ್ಕಿ, ಹೂ, ಬಳ್ಳಿ ಆಕಾರ ಮಾಡಿ ಗೋಡೆ ತುಂಬ ಕೂರಿಸಿದಾರೆ. ಇಲ್ಲಿಗೆ ನಮ್ಮನ್ನ ಬಿಡಲ್ಲ, ಬಿಡ್ಬಾರ್ದು ಕೂಡ, ಅದು ಅಷ್ಟು ನಾಜೂಕು, ಬಟ್ಟೆ ತಾಗಿದ್ರೂ ಉದುರುತ್ತೆ. ಕೆಳಗಿಂದ ಕತ್ತೆತ್ತಿ ಸ್ವಲ್ಪ ಕಾಣುತ್ತೆ, ಉಳಿದಿದ್ದನ್ನ ಸ್ಕ್ರೀನ್ ಮೇಲೆ ನೋಡ್ಬೇಕು. ಅಷ್ಟು ದೂರ ಹೋಗಿ ಸ್ಕ್ರೀನಾ ಅಂತ ಅನ್ಸೋದು ಸಹಜ, ಆದ್ರೆ ಸ್ಕ್ರೀನಲ್ಲಿ ಒಂದೊಂದು ಚಿಪ್ಪನ್ನೂ ಹತ್ತಿರಕ್ಕೆ ತಂದು ನೋಡಬಹುದು, ನಾವು ಅದ್ರಲ್ಲೇ ಕಾಲು ಗಂಟೆ ಕಳೆದ್ವಿ. ಅತ್ತೆ ಕರಾವಳಿಯವ್ರು, ಚಿಪ್ಪು ಕಂಡ ಕೂಡ್ಲೇ ಅವ್ರ ಮುಖ ಅರಳ್ತು, ಇದು ನಮ್ಮ ಮರುವಾಯಿ ಹಾಗೇ ಉಂಟು, ಇದು ಬೇರೆ ಜಾತಿ ಅಂತ ಬೆರಳಿಟ್ಟು ಹೇಳ್ತಾ ಹೋದ್ರು. ಅವ್ರ ಚಿಕ್ಕಂದಿನಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡಿ ಗೋಡೆಗೆ ಬಳೀತಿದ್ರಂತೆ, ಇಲ್ಲಿ ಚಿಪ್ಪನ್ನೇ ಗೋಡೆಗೆ ಹಾಕಿದಾರೆ ಅಂತ ಅವ್ರಿಗೆ ಮುಗಿಯದ ಆಶ್ಚರ್ಯ.

ಇಷ್ಟೂ ನೋಡಿ ಮುಗಿಸಿ ನಾನು ಹೊರಡೋಣ ಅಂತಿದ್ದೆ, ಆಗ ಒಂದು ರೂಮಲ್ಲಿ ನಿಂತಿದ್ದ ವಾಲಂಟಿಯರ್ ಅಜ್ಜಿ ಒಬ್ರು ಉಯಿಲಿನ ಕಥೆ ತೆಗೆದ್ರು. ನನ್ನ ಪ್ರಕಾರ ಈ ಮನೆಯ ಜೀವ ಇರೋದು ಇದ್ರಲ್ಲೇ. ಜೇನ್ 1811ರಲ್ಲಿ ತೀರ್ಕೊಂಡ್ರು, ಮೇರಿ ಆಮೇಲೂ ಮೂವತ್ತೆಂಟು ವರ್ಷ ಇದೇ ಮನೇಲಿದ್ದು 1849ರಲ್ಲಿ ಹೋದ್ರು. ಹೋಗೋವಾಗ ಉಯಿಲಲ್ಲಿ ಬರೆದ ಷರತ್ತು ಏನಂದ್ರೆ, ಈ ಮನೆ ನಮ್ಮ ವಂಶದ ಹೆಣ್ಮಕ್ಕಳಿಗೆ ಮಾತ್ರ, ಅದೂ ಮದುವೆ ಆಗದವರಿಗೆ ಮಾತ್ರ. ಮೊದಲು ಕೇಳಿದಾಗ ಇದೇನು ಹಠ ಅನ್ಸುತ್ತೆ. ಆದ್ರೆ ಆಗಿನ ಇಂಗ್ಲೆಂಡಿನ ಕಾನೂನು ಗೊತ್ತಿದ್ರೆ ಹಾಗನ್ಸಲ್ಲ. ಹೆಣ್ಣು ಮದುವೆ ಆದ ದಿನದಿಂದ ಅವಳ ದುಡ್ಡು ಗಂಡಂದು, ಆಸ್ತಿ ಮೇಲಿನ ಹಿಡಿತಾನೂ ಗಂಡನ ಕೈಗೆ. 1870 ಮತ್ತೆ 1882ರ ಕಾಯ್ದೆಗಳು ಬರೋವರೆಗೂ ಹಾಗೇ ಇತ್ತು. ಮದುವೆ ಆದವಳಿಗೆ ಮನೆ ಕೊಟ್ರೆ ಅದು ಅವಳ ಕೈಲಿ ಉಳಿಯೋದು ಖಾತ್ರಿ ಇಲ್ಲ. ಮೇರಿಗೆ ಅದು ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ ನಂಗೆ.

ನಾನು ಇದನ್ನ ಕನ್ನಡದಲ್ಲಿ ಹೇಳ್ತಿದ್ದ ಹಾಗೆ ಅತ್ತೆ ತಲೆ ಆಡಿಸೋಕೆ ಶುರು ಮಾಡಿದ್ರು. ಅವ್ರದ್ದು ಬಂಟರ ಮನೆತನ, ಅಳಿಯಸಂತಾನ ಕಟ್ಟಿನವರು, ಅವ್ರ ಗುತ್ತಿನಮನೆ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಕ್ಕಳಿಗೆ ಅಂತ ಹೆಣ್ಣಿನ ಸಾಲಲ್ಲೇ ಬಂದದ್ದು. "ಇದು ನಮ್ಮಲ್ಲಿ ಉಂಟಲ್ಲ. ಆದ್ರೆ ನಮ್ಮಲ್ಲಿ ಮದುವೆ ಆದ್ರೂ ಮನೆ ಹೆಣ್ಣಿನ ಕಡೆಗೇ. ಇವರಿಗೆ ಆ ಕಟ್ಟು ಇರ್ಲಿಲ್ಲ, ಪಾಪ, ಅದಕ್ಕೆ ಹೀಗೆ ಬರೆದದ್ದು" ಅಂದ್ರು. ಆ ವಾಲಂಟಿಯರ್ ಅಜ್ಜಿಗೆ ನಾನು ಇಂಗ್ಲಿಷಲ್ಲಿ ಹೇಳ್ದೆ. ಆಕೆ ಅತ್ತೆ ಕೈ ಹಿಡ್ಕೊಂಡು ಅಲ್ಲಿ ಮನೆ ಯಜಮಾನಿಕೆ ಯಾರದ್ದು, ಜಗಳ ಆದ್ರೆ ಯಾರು ತೀರ್ಮಾನ ಮಾಡ್ತಾರೆ ಅಂತೆಲ್ಲ ಕೇಳಿದ್ರು, ನಾನು ನಡುವಲ್ಲಿ ಭಾಷಾಂತರ. ಆ ಮಾತುಕತೆ ಒಂದಕ್ಕೇ ನಾನು ಈ ಜಾಗಕ್ಕೆ ಐದಕ್ಕೆ ಐದು ಕೊಡ್ತೀನಿ, ರೂಮುಗಳಲ್ಲಿ ನಿಂತಿರೋ ವಾಲಂಟಿಯರ್‌ಗಳನ್ನ ಸುಮ್ನೆ ದಾಟಿ ಹೋಗ್ಬೇಡಿ, ಏನಾದ್ರೂ ಕೇಳಿ.

ಉಯಿಲಿನ ಪ್ರಕಾರ ಮನೆ ಒಬ್ಬರಿಂದ ಒಬ್ಬರಿಗೆ ಹೆಂಗಸರ ಕೈಲೇ ನಡ್ಕೊಂಡು ಬಂತು, 1886ರಲ್ಲಿ ಮೊದಲ ಸಲ, ಅದೊಂದೇ ಸಲ, ಗಂಡಸಿನ ಕೈಗೆ ಹೋಯ್ತು, ಪಾದ್ರಿ ಆಸ್ವಾಲ್ಡ್ ರೈಖೆಲ್ ಅಂತ. ಈತ ಬಹಳ ಬದಲಾವಣೆ ಮಾಡಿದ. ಮೊದಲು ಮನೆಗಿದ್ದದ್ದು ಹುಲ್ಲಿನ ಮಾಡು, ಅದನ್ನ ತೆಗೆದು ಹೆಂಚು ಹಾಕಿಸಿದ, ಮೇಲಂತಸ್ತಿಗೆ ಮಾಡಿನಲ್ಲೇ ಕಿಟಕಿ ತೆಗೆಸಿದ, ಬಚ್ಚಲು, ಬಿಸಿನೀರಿನ ಕೊಳವೆ ಹೀಟಿಂಗ್ ಎಲ್ಲ ತಂದ. ಹುಲ್ಲಿನ ಮಾಡಿದ್ದಿದ್ರೆ ಮನೆ ಒಂದು ದೊಡ್ಡ ಬಣವೆ ಥರ ಕಾಣ್ತಿತ್ತೇನೋ, ಅದನ್ನ ನೋಡೋಕೆ ಸಿಗ್ಲಿಲ್ವಲ್ಲ ಅಂತ ಹೊಟ್ಟೆ ಉರೀತು. ನಮ್ಮೂರ ಮನೇಲೂ ಇದೇ ಆಯ್ತು, ಚಿಕ್ಕಪ್ಪ ಮಳೆ ಎರಚಲು ತಡೆಯೋಕಾಗಲ್ಲ ಅಂತ ತೊಟ್ಟಿ ಮೇಲೆ ಫೈಬರ್ ಶೀಟ್ ಹಾಕಿಸಿದ್ರು, ಈಗ ಜಗುಲಿ ಬೆಳಕೆಲ್ಲ ಹಸಿರು ಹಸಿರು. ಹೋದಾಗೆಲ್ಲ ಸಂಕಟ ಆಗುತ್ತೆ, ಆದ್ರೆ ಆಷಾಢದ ಮಳೇಲಿ ಅಲ್ಲಿ ದಿನಾ ನೆಲ ಒರೆಸೋಳು ನಾನಲ್ಲ, ಚಿಕ್ಕಮ್ಮ. ರೈಖೆಲ್ ಮೇಲಿನ ನನ್ನ ಸಿಟ್ಟೂ ಅಲ್ಲೇ ಇಳೀತು. ಜೊತೆಗೆ ಇನ್ನೊಂದು ಉಪಕಾರ ಆತ ಮಾಡಿದಾನೆ. ಜೇನ್ ಪ್ರವಾಸದ ಡೈರಿ ಬರೆದಿದ್ರು, ಅದ್ರ ಒಂದಷ್ಟು ಭಾಗನ ಈತ 1902ರಲ್ಲಿ ಅಚ್ಚು ಹಾಕಿಸಿದ. ಮೂಲ ಡೈರಿ 1942ರಲ್ಲಿ ಎಕ್ಸೆಟರ್ ಮೇಲೆ ಜರ್ಮನ್ ಬಾಂಬ್ ಬಿದ್ದಾಗ ಸುಟ್ಟು ಹೋಯ್ತು. ಇವತ್ತು ಆ ಪ್ರವಾಸದ ಬಗ್ಗೆ ಜೇನ್ ಮಾತಲ್ಲೇ ಏನಾದ್ರೂ ಉಳಿದಿದ್ರೆ ಅದು ಆ ಅಚ್ಚಾದ ಭಾಗದಿಂದ.

ರೈಖೆಲ್ 1923ರಲ್ಲಿ ತೀರ್ಕೊಂಡ ಮೇಲೆ ಮನೆ ಮಾರಾಟಕ್ಕೆ ಬಂತು. ಹೊರಗಿನವರ ಪಾಲಾಗೋ ಮುಂಚೆ ಅವನ ಕುಟುಂಬದವರೇ ಆದ ಮಾರ್ಗರೆಟ್ ಟ್ಯೂಡರ್ ಅನ್ನೋ ಹೆಣ್ಮಗಳು ಅದನ್ನ ಕೊಂಡ್ಕೊಂಡ್ರು, ಮತ್ತೆ ಹೆಣ್ಣಿನ ಕೈಗೇ ಬಂತು ನೋಡಿ. 1935ರಲ್ಲಿ ಜನರಿಗೆ ನೋಡೋಕೆ ತೆರೆದ್ರು. 1991ರಿಂದ ನ್ಯಾಷನಲ್ ಟ್ರಸ್ಟ್ ಅಂತ ಹಳೇ ಮನೆಗಳನ್ನ ಕಾಪಾಡೋ ಸಂಸ್ಥೆ ನೋಡ್ಕೊಳ್ತಿದೆ. ಅದ್ರ ಸದಸ್ಯರಿಗೆ ಒಳಗೆ ಫ್ರೀ, ಇಲ್ಲದಿದ್ರೆ ಟಿಕೆಟ್. ಯಾವ ದಿನ ಎಷ್ಟು ಗಂಟೆಗೆ ತೆರೆದಿರುತ್ತೆ ಅಂತ ಹೊರಡೋ ಮುಂಚೆ ವೆಬ್‌ಸೈಟಲ್ಲಿ ನೋಡ್ಕೊಳ್ಳಿ. ಮೊಣಕಾಲು ನೋವಿರೋ ಹಿರಿಯರಿದ್ರೆ ನೆಲ ಅಂತಸ್ತಲ್ಲೇ ಬೇಕಾದಷ್ಟಿದೆ, ಮೆಟ್ಟಿಲಿನ ಚಿಂತೆ ಮಾಡ್ಬೇಡಿ, ಅತ್ತೆ ಮೇಲೆ ಹತ್ಲೇ ಇಲ್ಲ. ಮಳೆ ಇದ್ರೆ ಒಳ್ಳೇ ಶೂ ಹಾಕ್ಕೊಳ್ಳಿ, ಸುತ್ತ ಹುಲ್ಲುಗಾವಲು, ಅಲ್ಲಿಂದ ಅಳಿವೆ ಪೂರ್ತಿ ಕಾಣುತ್ತೆ.

ಸ್ವಲ್ಪ ದೂರ ನಡೆದ್ರೆ ಪಾಯಿಂಟ್ ಇನ್ ವ್ಯೂ ಅಂತ ಪುಟ್ಟ ಚಾಪೆಲ್ ಇದೆ, ಅದನ್ನ ಬಿಟ್ಟು ಬರ್ಬೇಡಿ. 1811ರದ್ದು, ಇದೇ ಅಕ್ಕತಂಗೀರು ಕಟ್ಸಿದ್ದು. ಬರೀ ಪ್ರಾರ್ಥನೆಗಲ್ಲ, ಜೊತೆಗೆ ನಾಲ್ಕು ಜನ ಮದುವೆ ಆಗದ ವಯಸ್ಸಾದ ಹೆಂಗಸರಿಗೆ ಇರೋಕೆ ಮನೆ, ಆರು ಜನ ಹೆಣ್ಣುಮಕ್ಕಳಿಗೆ ಓದೋಕೆ ಶಾಲೆ. ದಿಕ್ಕಿಲ್ಲದ ಮೇರಿನ ಕರ್ಕೊಂಡು ಬೆಳೆಸಿದ ಜೇನ್‌ಗೆ ಇದು ಹೊಳೆದದ್ದು ಆಶ್ಚರ್ಯ ಅಲ್ಲ. ಇಬ್ರನ್ನೂ ಮಣ್ಣು ಮಾಡಿರೋದು ಅದೇ ಚಾಪೆಲ್ ಕೆಳಗೆ. ಅತ್ತೆ ಹೊರಗೆ ಚಪ್ಪಲಿ ಬಿಟ್ಟು ಒಂದು ನಿಮಿಷ ಕೈ ಮುಗಿದು ನಿಂತ್ರು. ಅಲ್ಲಿನ ಓಕ್ ಮರಗಳ ಬಗ್ಗೆ ಒಂದು ಕಥೇನೂ ಇದೆ, ಯಹೂದಿಗಳು ಪ್ಯಾಲೆಸ್ತೀನಿಗೆ ವಾಪಸ್ ಹೋಗೋವರೆಗೂ ಈ ಮರಗಳನ್ನ ಕಡೀಬಾರ್ದು ಅಂತ ಇವ್ರು ಬರೆದಿಟ್ಟಿದ್ರಂತೆ. ಅವ್ರ ಧರ್ಮದ ನಂಬಿಕೆ ಎಷ್ಟು ಗಟ್ಟಿ ಇತ್ತು ಅಂತ ಅದ್ರಲ್ಲಿ ಗೊತ್ತಾಗುತ್ತೆ.

ನಮ್ಮದು ಒಂದೇ ಒಂದು ತಪ್ಪಾಯ್ತು, ಲೇಟಾಗಿ ಹೋದದ್ದು. ನಾವು ಒಳಗಿದ್ದಷ್ಟು ಹೊತ್ತೂ ಪಶ್ಚಿಮದ ಕೋಣೆಗಳೇ ಬೆಳಗ್ತಿದ್ವು, ಪೂರ್ವದವು ಆಗ್ಲೇ ಮಂಕಾಗಿದ್ವು. ಆ ಮನೇನ ಅರ್ಧ ದಿನ ಮಾತ್ರ ನೋಡಿದ ಹಾಗಾಯ್ತು. ಅತ್ತೆ ವಾಪಸ್ ಊರಿಗೆ ಹೋಗೋದು ಇನ್ನೂ ಐದು ವಾರ ಇದೆ, ಟ್ರೈನಲ್ಲಿ ಕೂತೇ ತೀರ್ಮಾನ ಮಾಡಿದ್ವಿ, ಮುಂದಿನ ಸಲ ಬೆಳಗಿನ ಟ್ರೈನೇ ಹಿಡಿದು, ಬಾಗಿಲು ತೆಗೆಯೋ ಹೊತ್ತಿಗೇ ಅಲ್ಲಿ ಇರ್ಬೇಕು, ಪೂರ್ವದ ರೂಮಿಂದ ಶುರು ಮಾಡಿ ಬಿಸಿಲಿನ ಜೊತೆಗೇ ಒಂದು ಸುತ್ತು ಬರ್ಬೇಕು ಅಂತ.